ಲಾಳಿ ಸೇರುವ ತನಕ

ಕಾಲೇಜಿನಲ್ಲಿ ಜೇಡರ ದಾಸಿಮಯ್ಯನ ವಚನಗಳನ್ನು ಗಂಟೆಗಟ್ಟಲೆ ವಿವರಿಸಬಲ್ಲ ನನಗೆ, ಮಗ್ಗದಲ್ಲಿ ಕಡಿದ ಒಂದು ಎಳೆಗೆ ಗಂಟು ಹಾಕಲು ಬಾರದು. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಬೇಕಿಲ್ಲ. ಮುಂದಿನ ಕೋಣೆಯಲ್ಲಿ ಅಣ್ಣನ ನಾಲ್ಕು ಮಗ್ಗಗಳು ಹಗಲಿರುಳು ಸದ್ದು ಮಾಡುತ್ತಿದ್ದಾಗ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದೆ. ಸದ್ದಿನ ಫಲವಾಗಿ ಅಣ್ಣನ ಕಿವಿ ಮಂದವಾಯಿತು. ಸೂತ್ರಗಳ ಫಲವಾಗಿ ನನಗೆ ಎಂ.ಎ. ಪದವಿ ದೊರೆಯಿತು. ಯಾರ ದುಡಿಮೆಯನ್ನು ಯಾರು ಉಂಡರೆಂಬುದನ್ನು ವಾಚಕರೇ ಊಹಿಸಬಹುದು.

ಈಗ ಆ ನಾಲ್ಕರಲ್ಲಿ ಒಂದು ಮಗ್ಗವಿಲ್ಲ. ಅದನ್ನು ಮಾರಿದ ಹಣದಲ್ಲಿ ಅಣ್ಣನ ಮಗನಿಗೆ ಗಣಕಯಂತ್ರ ಬಂದಿತು. ಎಂಜಿನಿಯರಿಂಗ್ ಮುಗಿಸಿದ ಹುಡುಗ ಬೆಂಗಳೂರಿಗೆ ಹೋಗದೆ, ಸೀರೆಯ ಅಂಚು ಸೆರಗುಗಳ ವಿನ್ಯಾಸವನ್ನು ಪರದೆಯ ಮೇಲೆ ಮೂಡಿಸುವ ತಂತ್ರಾಂಶವೊಂದನ್ನು ರಚಿಸುವೆನೆಂದು ಕುಳಿತ. ಅದಕ್ಕೆ ಅಣ್ಣನನ್ನು ಒಪ್ಪಿಸಿದವನು ನಾನು. ಮಗ್ಗಕ್ಕೂ ಗಣಕಕ್ಕೂ ಹಳೆಯ ನಂಟೆಂದು ಭಾಷಣವನ್ನೇ ಮಾಡಿದ್ದೆ: ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತ 1804ರಲ್ಲಿ ತೂತಿನ ರಟ್ಟುಗಳಿಂದ ಮಗ್ಗಕ್ಕೆ ವಿನ್ಯಾಸ ಕಲಿಸಿದ್ದು, ಮುಂದೆ ಆತನ ಭಾವಚಿತ್ರವನ್ನೇ ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದದ್ದು, ತನ್ನ ಲೆಕ್ಕದ ಯಂತ್ರಕ್ಕೂ ಅಂಥ ರಟ್ಟುಗಳನ್ನೇ ಬಯಸಿದ ಇಂಗ್ಲೆಂಡಿನ ಬ್ಯಾಬೇಜ್ ಆ ಚಿತ್ರವನ್ನು ಮನೆಯಲ್ಲಿಟ್ಟುಕೊಂಡದ್ದು. ಅಣ್ಣನಿಗೆ ಅರ್ಧ ಕೇಳಿಸಿತು, ಪೂರ್ತಿ ಒಪ್ಪಿದ.

ತಂತ್ರಾಂಶ ಚೆನ್ನಾಗಿಯೇ ಆಯಿತು. ಆದರೆ ಸೆರಗಿನ ಚಿತ್ರವನ್ನು ಹಿಗ್ಗಿಸಿ ನೋಡಹೋದರೆ ಒಮ್ಮೊಮ್ಮೆ ಅದು ಥಟ್ಟನೆ ಸತ್ತುಬೀಳುತ್ತಿತ್ತು. ಒಂಬತ್ತು ಸಲ ಏನೂ ಆಗದು. ಹತ್ತನೆಯ ಸಲ ಸಾವು. ಆ ಹತ್ತನೆಯದು ಸೀರೆ ವ್ಯಾಪಾರಿಯೊಬ್ಬರ ಎದುರಿಗೇ ಸಂಭವಿಸಿತು. ಅವರು ಚಹಾ ಕುಡಿದು, ಮುಂದಿನ ವಾರ ಬರುವೆನೆಂದು ಎದ್ದುಹೋದರು. ಅಣ್ಣ ಮಗನ ಕಡೆ ನೋಡಲಿಲ್ಲ. ಮಾರಿದ ಮಗ್ಗದ ಜಾಗವನ್ನು ನೋಡಿದ.

ಅಂದು ರಾತ್ರಿ ಹುಡುಗ ನನಗೆ ತೊಡಕನ್ನು ತಿಳಿಸಿದ. “ಕಾಕಾ, ಇದರೊಳಗ ಕೆಲಸ ಎಳಿ ಎಳಿಯಾಗಿ ನಡೀತದ. ಥ್ರೆಡ್ ಅಂತನ ಅದರ ಹೆಸರು. ಒಂದು ಎಳಿ ವಿನ್ಯಾಸದ ಲೆಕ್ಕ ಹಾಕ್ತದ, ಇನ್ನೊಂದು ಅದನ್ನ ಪರದೆ ಮ್ಯಾಲ ಬಿಡಿಸ್ತದ. ಎರಡೂ ಒಮ್ಮೆಲೆ ಓಡ್ತಾವ. ಎಲ್ಲೋ ಒಂದಕ್ಕೊಂದು ಅಡ್ಡ ಬರ್ತಾವ. ಎಲ್ಲಿ ಅಂತ ಸಿಗವಲ್ದು.”

ಸಿಗದಿರುವುದಕ್ಕೆ ಕಾರಣವೂ ಸ್ವಾರಸ್ಯವಾದುದು. ಕಳ್ಳನನ್ನು ಹಿಡಿಯಲೆಂದು ಅವನು ನಡುನಡುವೆ ಗುರುತಿನ ಸಾಲುಗಳನ್ನು ಬರೆಯಿಸಿದರೆ, ಅಷ್ಟರಿಂದಲೇ ಎಳೆಗಳ ವೇಗ ತುಸು ಬದಲಾಗಿ ತಪ್ಪು ಮಾಯವಾಗುತ್ತಿತ್ತು. ನೋಡಹೋದರೆ ಮರೆಯಾಗುವ ಇಂಥ ದೋಷವನ್ನು, ಭೌತವಿಜ್ಞಾನಿ ಹೈಸೆನ್‌ಬರ್ಗನ ನೆನಪಿನಲ್ಲಿ ‘ಹೈಸೆನ್‌ಬಗ್’ ಎನ್ನುವರಂತೆ. ಅಮೆರಿಕದ ಜಿಮ್ ಗ್ರೇ 1985ರ ತಮ್ಮ ಲೇಖನದಲ್ಲಿ ಆ ಹೆಸರನ್ನು ಬಳಸಿದರು. ಪರೀಕ್ಷಕ ಹತ್ತಿರ ಬಂದೊಡನೆ ಪುಸ್ತಕದ ಮೇಲೆ ಬಾಗುವ ವಿದ್ಯಾರ್ಥಿಗಳು ನನಗೆ ನೆನಪಾದರು.

ಮೂರು ರಾತ್ರಿ ದೀಪ ಆರಲಿಲ್ಲ. ನಾಲ್ಕನೆಯ ಬೆಳಗ್ಗೆ ಅಣ್ಣ ಮಗನ ಪಕ್ಕ ಬಂದು ಕುಳಿತು, ತುಟಿಯ ಚಲನೆಯನ್ನೇ ನೋಡುತ್ತ ಎಲ್ಲವನ್ನೂ ಕೇಳಿಕೊಂಡ. ಬಳಿಕ ಅವನನ್ನು ಮಗ್ಗದ ಬಳಿಗೆ ಕರೆದೊಯ್ದ.

“ಲಾಳಿ ಪೆಟಗಿ ಮುಟ್ಟಲಿಲ್ಲಂದ್ರ ಮಗ್ಗ ಏನ ಮಾಡ್ತದೋ?”

“ನಿಂತ ಬಿಡ್ತದ, ಅಪ್ಪಾ.”

“ಯಾಕ?”

“ನಡುವ ಸಿಕ್ಕ ಲಾಳಿ ಮ್ಯಾಲ ಹಣಿಗಿ ಬಡದ್ರ ಹಾಸಿನ ಎಳಿ ಎಲ್ಲಾ ಹರೀತಾವ.”

“ಹಂಗಾರ ನಿನ್ನ ಯಂತ್ರದಾಗ ಲಾಳಿ ಯಾವುದು, ಹಣಿಗಿ ಯಾವುದು? ಅದನ್ನ ಮೊದಲ ನೋಡು.”

ಲಾಳಿ ಪೆಟ್ಟಿಗೆಯನ್ನು ಸೇರಿ ಒತ್ತಿದಾಗ ಮಾತ್ರ ಮಗ್ಗದ ಕೆಳಗಿನ ಒಂದು ಸನ್ನೆ ಮೇಲೇಳುತ್ತದೆ. ಏಳದಿದ್ದರೆ ಹಣಿಗೆ ಮುಂದೆ ಬರುವ ಮೊದಲೇ ಮಗ್ಗ ಢಬ್ಬೆಂದು ನಿಲ್ಲುತ್ತದೆ. ಹುಡುಗ ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

ಅವನು ಕಾಗದ ಹಿಡಿದು, ಎರಡು ಎಳೆಗಳೂ ಮುಟ್ಟುವ ವಸ್ತುಗಳನ್ನೆಲ್ಲ ಪಟ್ಟಿ ಮಾಡಿದ. ಚಿತ್ರ ಹಿಗ್ಗಿದಾಗ ಲೆಕ್ಕದ ಎಳೆ ಹಳೆಯ ಹಾಳೆಯನ್ನೆಸೆದು ದೊಡ್ಡ ಹಾಳೆಯನ್ನು ಪಡೆಯುತ್ತಿತ್ತು. ಅದೇ ಕ್ಷಣದಲ್ಲಿ ಬಿಡಿಸುವ ಎಳೆ ಎಸೆದ ಹಾಳೆಯನ್ನು ಓದುತ್ತಿದ್ದರೆ ಸಾವು. ಊಹೆಯನ್ನು ಪರೀಕ್ಷಿಸಲು ಬಿಡಿಸುವ ಎಳೆಯನ್ನು ಬೇಕೆಂತಲೇ ನಡುವೆ ಒಂದು ಗಳಿಗೆ ತಡೆದ. ಆಗ ಹತ್ತಕ್ಕೊಮ್ಮೆ ಬೀಳುತ್ತಿದ್ದುದು ಹತ್ತಕ್ಕೆ ಹತ್ತು ಸಲ ಬಿತ್ತು. ತಂತ್ರಾಂಶ ಸತ್ತುದಕ್ಕೆ ಆ ಮನೆಯಲ್ಲಿ ಎಲ್ಲರೂ ನಕ್ಕದ್ದು ಅದೇ ಮೊದಲು.

ಮದ್ದು ಬೀಗ. ಒಂದು ಎಳೆ ಹಾಳೆಯನ್ನು ಹಿಡಿದಿರುವಾಗ ಇನ್ನೊಂದು ಹೊರಗೆ ಕಾಯಬೇಕು. ಹಲವು ಕೆಲಸಗಳು ಹೀಗೆ ಸರದಿ ಕಾಯುವ ಕ್ರಮವನ್ನು ಹಾಲೆಂಡಿನ ಡೈಕ್‌ಸ್ಟ್ರಾ 1965ರಲ್ಲಿಯೇ ಪ್ರಕಟಿಸಿದ್ದರು. ಮೊದಲು ಹುಡುಗ ಹಾಳೆಗೊಂದು, ಬಣ್ಣಕ್ಕೊಂದು ಬೀಗ ಹಾಕಿದ. ಒಂದು ಎಳೆ ಹಾಳೆಯನ್ನು ಹಿಡಿದು ಬಣ್ಣಕ್ಕೆ ಕಾದರೆ, ಇನ್ನೊಂದು ಬಣ್ಣವನ್ನು ಹಿಡಿದು ಹಾಳೆಗೆ ಕಾಯಿತು. ಮದುವೆಯ ಮನೆಯ ಬಾಗಿಲಲ್ಲಿ ‘ತಾವು ಮೊದಲು’ ಎನ್ನುವ ಬೀಗರಂತೆ ಎರಡೂ ನಿಂತೇಬಿಟ್ಟವು. ಹಾಳೆಯ ಬೀಗವೇ ಯಾವಾಗಲೂ ಮೊದಲೆಂದು ಕಟ್ಟಳೆ ಮಾಡಿದ ಮೇಲೆ ಕೆಲಸ ಸರಾಗವಾಯಿತು. ಬೇಕೆಂತಲೇ ಇಟ್ಟ ತಡೆಯಿದ್ದರೂ ಅದು ಬೀಳಲಿಲ್ಲ.

ಇದನ್ನು ಸಣ್ಣ ಮಾತೆಂದು ನಾನೆಣಿಸಿದ್ದೆ. ಹುಡುಗ ಥೆರಾಕ್-25ರ ಕಥೆ ಹೇಳಿದ. ಕ್ಯಾನ್ಸರಿಗೆ ವಿಕಿರಣ ಕೊಡುವ ಆ ಯಂತ್ರದಿಂದ 1985 ಮತ್ತು 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು; ಕೆಲವರು ತೀರಿಕೊಂಡರು. ಎರಡು ಕೆಲಸಗಳು ಹೊತ್ತು ತಪ್ಪಿ ಅಡ್ಡಬಂದದ್ದು ಅದಕ್ಕೊಂದು ಕಾರಣ. ಹಳೆಯ ಮಾದರಿಗಳಲ್ಲಿ ಅಪಾಯವನ್ನು ತಡೆಯುವ ಯಾಂತ್ರಿಕ ತಡೆಗಳಿದ್ದವು. ಇದರಲ್ಲಿ ತಂತ್ರಾಂಶವನ್ನೇ ನಂಬಿ ಅವುಗಳನ್ನು ಕೈಬಿಟ್ಟಿದ್ದರು. ಅಣ್ಣನ ಮಗ್ಗದ ಸನ್ನೆಯ ಕಡೆ ನಾನು ಅಂದು ಹೊಸದಾಗಿ ನೋಡಿದೆ.

ವ್ಯಾಪಾರಿ ಮುಂದಿನ ವಾರ ನಿಜವಾಗಿಯೂ ಬಂದರು. ಅಣ್ಣನೇ ಕೈಯಾರೆ ಸೆರಗನ್ನು ಮತ್ತೆ ಮತ್ತೆ ಹಿಗ್ಗಿಸಿ ತೋರಿಸಿದ. ಎರಡು ಅಂಚುಗಳಿಗೆ ಮುಂಗಡ ದೊರೆಯಿತು. ಮಾರಿದ ಮಗ್ಗ ಮರಳಿ ಬರುವಷ್ಟಲ್ಲ, ಹುಡುಗ ಊರಲ್ಲೇ ಇರುವಷ್ಟು.

ಆ ಸಂಜೆ ನಾನು ಮಗ್ಗದ ಬಳಿ ಹೋಗಿ, ಗಂಟು ಹಾಕುವುದನ್ನು ಕಲಿಸೆಂದು ಅಣ್ಣನಿಗೆ ಕೂಗಿ ಹೇಳಿದೆ. ಅವನು ಮಗ್ಗವನ್ನು ನಿಲ್ಲಿಸಿದ. ಕಲಿಯುವಷ್ಟು ಹೊತ್ತೂ, ಅಂದಿನ ಕೂಲಿಯನ್ನು ಲೆಕ್ಕಿಸದೆ, ಕಾದು ನಿಂತ. ನಾನು ಓದುತ್ತಿದ್ದ ಆ ಎಲ್ಲ ವರ್ಷಗಳಲ್ಲಿ ಕಾದಂತೆಯೇ.