ಮದುವೆಯ ಕ್ಯಾಸೆಟ್ಟಿನಲ್ಲಿ ಹತ್ತೊಂಬತ್ತು ಸೆಕೆಂಡು

ತೊಂಬತ್ತರ ದಶಕದಲ್ಲಿ ನಮ್ಮ ಸೀಮೆಯಲ್ಲಿ ವಿಡಿಯೋ ಇಲ್ಲದ ಮದುವೆ ಮದುವೆಯೇ ಅಲ್ಲವೆನ್ನುವ ಮಾತು ಬಂದುಬಿಟ್ಟಿತ್ತು. ಕಣ್ಣು ಕುಕ್ಕುವ ದೀಪವನ್ನು ಒಬ್ಬ ಎತ್ತಿ ಹಿಡಿಯುವುದು, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಇನ್ನೊಬ್ಬ ಸುತ್ತುವುದು, ಊಟಕ್ಕೆ ಕುಳಿತವರು ತುತ್ತನ್ನು ಕೈಯಲ್ಲೇ ಹಿಡಿದು ನಾಚಿ ಕುಳಿತಿರುವುದು, ಇವನ್ನೆಲ್ಲ ಓದುಗ ಬಂಧುಗಳು ಬಲ್ಲರು. ತಿಂಗಳೊಪ್ಪತ್ತಿನಲ್ಲಿ ಕ್ಯಾಸೆಟ್ಟು ಮನೆಗೆ ಬರುತ್ತಿತ್ತು. ಬಾಡಿಗೆಗೆ ವಿ.ಸಿ.ಪಿ. ತಂದು, ನೆರೆಹೊರೆಯವರನ್ನು ಕರೆದು ಒಮ್ಮೆ ನೋಡಿದ ಬಳಿಕ ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ ಮಲಗಿಬಿಡುತ್ತಿತ್ತು.

ನಮ್ಮ ಮನೆಯಲ್ಲಿ ಹಾಗೆ ಮಲಗಿದ್ದುದು 1994ರ ಒಂದು ಕ್ಯಾಸೆಟ್ಟು. ನಾವು ಒಡಹುಟ್ಟಿದವರು ನಾಲ್ವರು, ಇರುವುದು ನಾಲ್ಕು ಊರುಗಳಲ್ಲಿ. ಅಣ್ಣನವರು ಚಿಕ್ಕಬಳ್ಳಾಪುರದಲ್ಲಿ, ನಾವು ದಂಪತಿಗಳು ಶಿಡ್ಲಘಟ್ಟದ ಹಳೆಯ ಮನೆಯಲ್ಲಿ, ತಂಗಿ ಚಿಂತಾಮಣಿಯಲ್ಲಿ, ಕಡೆಯ ತಮ್ಮ ಗೌರಿಬಿದನೂರಿನಲ್ಲಿ. ಕ್ಯಾಸೆಟ್ಟಿನಲ್ಲಿದ್ದುದು ತಂಗಿಯ ಮದುವೆ. ತಂಗಿಯ ಮಗಳಿಗೆ ಸಂಬಂಧ ಗೊತ್ತಾದಾಗ ಆ ಹುಡುಗಿ ಕೇಳಿದ್ದು ಒಡವೆಯನ್ನಲ್ಲ. ಅಮ್ಮನ ಮದುವೆಯನ್ನು ನಾನು ನೋಡಬೇಕು, ಮನೆತುಂಬ ನೆಂಟರಿರುವಾಗ ಟಿ.ವಿ.ಯಲ್ಲಿ ಹಾಕಬೇಕು ಎಂದಳು. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಹೊರಗೆ ಹೋಗುವಂತಿರಲಿಲ್ಲವಾದ್ದರಿಂದ ಈ ಕೆಲಸ ನಮ್ಮ ಪಾಲಿಗೆ ಬಂದಿತು.

ಇಂತಹ ಕ್ಯಾಸೆಟ್ಟುಗಳ ಆಯುಷ್ಯ ದೊಡ್ಡದಲ್ಲ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಅರ್ಧ ಅಂಗುಲ ಅಗಲದ, ಸುಮಾರು 250 ಮೀಟರ್ ಉದ್ದದ ಪಟ್ಟಿ ಸುತ್ತಿರುತ್ತದೆ. ಅದರ ಮೇಲೆ ಲೇಪಿಸಿದ ಕಾಂತೀಯ ಪುಡಿಯಲ್ಲಿ ಚಿತ್ರವೂ ದನಿಯೂ ಅಡಗಿರುತ್ತವೆ. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ವರ್ಷಗಳು ಕಳೆದಂತೆ ಬಣ್ಣ ಸೋರುತ್ತದೆ. ಪಟ್ಟಿ ಚೆನ್ನಾಗಿದ್ದರೂ ಓಡಿಸುವ ಯಂತ್ರ ಬೇಕಲ್ಲ! ಜಪಾನಿನ ಜೆ.ವಿ.ಸಿ. ಸಂಸ್ಥೆ 1976ರಲ್ಲಿ ಹೊರತಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಎಂಬ ಜಪಾನಿನದೇ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಈಗ ಉಳಿದಿರುವುವೆಲ್ಲ ಅಟ್ಟದ ಮೇಲಿನ ಹಳೆಯ ಯಂತ್ರಗಳೇ. ನಮಗೂ ಚಿಂತಾಮಣಿಯ ಭಾವನವರ ಅಟ್ಟವೇ ಗತಿಯಾಯಿತು. ಕೆಂಪು, ಬಿಳಿ, ಹಳದಿ ತಂತಿಗಳನ್ನು ಒಂದು ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿ, ಅದನ್ನು ಕಂಪ್ಯೂಟರಿಗೆ ಜೋಡಿಸಿ ಓಡಲು ಬಿಟ್ಟೆವು. ಅವಸರ ಮಾಡುವಂತಿಲ್ಲ, ಮೂರು ಗಂಟೆಯ ಮದುವೆ ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು.

ಮುಂದಿನ ಕೆಲಸಕ್ಕೆ ಹಣ ತೆತ್ತು ಏನನ್ನೂ ಕೊಳ್ಳಲಿಲ್ಲ. ವಿಂಡೋಸ್ ಕಂಪ್ಯೂಟರುಗಳಲ್ಲಿ 2000ನೇ ಇಸವಿಯಿಂದ ಮೂವಿ ಮೇಕರ್ ಎಂಬ ಸಲಕರಣೆಯಿತ್ತು. 2017ರ ಆರಂಭದಲ್ಲಿ ಮೈಕ್ರೋಸಾಫ್ಟಿನವರು ಅದನ್ನು ಹಿಂದಕ್ಕೆ ಪಡೆದರು. ನಾವು ಕುಳಿತ ವಿಂಡೋಸ್ 10 ಕಂಪ್ಯೂಟರಿನಲ್ಲಿ ಫೋಟೋ ನೋಡಲೆಂದು ಇರುವ ಫೋಟೋಸ್ ಎಂಬುದರ ಒಳಗೇ ವಿಡಿಯೋ ಎಡಿಟರ್ ಸೇರಿಕೊಂಡಿತ್ತು. ಅದರ ವಿದ್ಯೆ ಸರಳ. ತುಣುಕುಗಳನ್ನು ಸಾಲಾಗಿ ಜೋಡಿಸಬಹುದು, ಒಂದನ್ನು ಎರಡಾಗಿ ಸೀಳಬಹುದು, ತಲೆ ಬಾಲ ಕತ್ತರಿಸಬಹುದು, ಅಕ್ಷರ ಬರೆಯಬಹುದು, ಸಂಗೀತ ಹಾಕಬಹುದು. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವಂತಹ ಬೆಡಗು ಅದರಲ್ಲಿರಲಿಲ್ಲ, ನಮಗೆ ಅದು ಬೇಕೂ ಇರಲಿಲ್ಲ. ಎಷ್ಟು ಕತ್ತರಿಸಿದರೂ ಮೂಲ ಕಡತಕ್ಕೆ ಏನೂ ಆಗದೆ ಹಾಗೆಯೇ ಉಳಿಯುತ್ತದೆ ಎಂಬುದು ಹೆದರುವವರಿಗೆ ದೊಡ್ಡ ಸಮಾಧಾನ.

ಮೂರು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬೇಕೆಂದು ತೀರ್ಮಾನಿಸಿದೆವು. ಮೊದಲ ಎರಡು ಗಂಟೆ ಸುಲಭವಾಗಿ ಹೋಯಿತು. ಉಡುಗೊರೆ ಕೊಡುವವರ ಮುಗಿಯದ ಸಾಲು, ಛತ್ರದ ಫಲಕವನ್ನು ಮೂರು ಬಾರಿ ತೋರಿಸಿದ್ದು, ಹೃದಯದ ಆಕಾರದೊಳಗೆ ವಧೂವರರು ತಿರುಗಿದ್ದು, ಆಕಾಶದಿಂದ ಗುಲಾಬಿ ಉದುರಿದ್ದು ಎಲ್ಲವೂ ಹೊರಟವು. ನಮ್ಮೂರಿನಲ್ಲಿ ರೇಷ್ಮೆ ಬಿಚ್ಚುವವರು ಬೆಂದ ಗೂಡಿನ ಮೇಲಿನ ಒರಟು ಎಳೆಯನ್ನು ಮೊದಲು ತೆಗೆದುಹಾಕಿ, ಆಮೇಲೆ ನಿಜವಾದ ಎಳೆಯ ತುದಿಯನ್ನು ಹಿಡಿಯುತ್ತಾರೆ. ನಾವು ಮಾಡಿದ್ದೂ ಅಷ್ಟೇ.

ಒರಟು ಎಳೆಗಿಂತ ದೊಡ್ಡ ತೊಡಕು ಹಾಡುಗಳದು. ಆ ಕಾಲದ ವಿಡಿಯೋದವರು ಮಿಕ್ಸಿಂಗ್ ಎಂಬ ಹೆಸರಿನಲ್ಲಿ ಇಡೀ ಮದುವೆಯ ಮೇಲೆ ಸಿನಿಮಾ ಹಾಡು ಸುರಿಯುತ್ತಿದ್ದರು. ಪಂಚಕಳಶದ ಮುಂದೆ ಸ್ವಾಮಿಗಳು ಆಶೀರ್ವದಿಸುತ್ತಿದ್ದಾರೆ, ತುಟಿಯಾಡುತ್ತದೆ, ಕೇಳುವುದು ಪ್ರೇಮಗೀತೆ! ಅಪ್ಪ ಬೀಗರೊಡನೆ ನಗುತ್ತಾ ಏನೋ ಹೇಳುತ್ತಾರೆ; ಅದೇನೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಹಾಡಿನ ಅಡಿಯಿಂದ ಮಾತನ್ನು ಎತ್ತಿಕೊಡುವ ಶಕ್ತಿ ಆ ಎಡಿಟರಿಗಿರಲಿಲ್ಲ. ಇದರಿಂದ ನಮಗೆ ಆದಷ್ಟು ಸಂಕಟ ಬೇರಾವುದರಿಂದಲೂ ಆಗಲಿಲ್ಲ. ಮನೆಯ ಹುಡುಗರು ಹೊಸ ಸಂಗೀತ ಹಾಕೋಣವೆಂದಾಗ ಒಪ್ಪದಿದ್ದುದಕ್ಕೂ ಇದೇ ಕಾರಣ.

ಎರಡು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವ ಮೊದಲು ಸಣ್ಣ ಬಿಡುವು ಬಂದಿತು. ಊಟದ ಮನೆಯ ಗದ್ದಲ ಇದ್ದಂತೆಯೇ ಕೇಳಿಸಿತು. ಬಾಗಿಲ ಬಳಿ ಅವ್ವ ನಿಂತಿದ್ದಾರೆ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ಎದುರಿಗೆ ತಮ್ಮ, ಅಂಗಿಗೆ ಹಿಪ್ಪುನೇರಳೆ ಸೊಪ್ಪಿನ ಚೂರು ಅಂಟಿದೆ. ಆ ವಾರ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿನ್ನುವುದರಿಂದ, ಮದುವೆಯೇ ಇರಲಿ ಮತ್ತೊಂದೇ ಇರಲಿ, ಯಾರಾದರೊಬ್ಬರು ಹೋಗಿ ಸೊಪ್ಪು ಹಾಕಲೇಬೇಕು. ಹೋಗಿಬರುತ್ತಿದ್ದವನು ತಮ್ಮ.

"ಲೋ ಚಿಕ್ಕೋನೆ, ಸೊಪ್ಪಾಕಿದ್ದು ಆಯ್ತಾ? ನೀನು ಉಂಡ್ಯೇನೋ?"

"ಆಮೇಲುಣ್ತೀನಿ ಬಿಡವ್ವ."

"ಆಮೇಲೆ ಅಂದ್ರೆ ಏನುಳಿದಿರ್ತದೆ? ಬಾ, ಕೂತ್ಕೊ."

ಅಷ್ಟರಲ್ಲಿ ಮುಂದಿನ ಹಾಡು ಬಂದು ಮುಚ್ಚಿಬಿಡುತ್ತದೆ. ಒಟ್ಟು ಹತ್ತೊಂಬತ್ತು ಸೆಕೆಂಡು. ಅವ್ವ 1998ರಲ್ಲಿ ಲಿಂಗೈಕ್ಯರಾದರು. ಅವರ ದನಿ ಎಲ್ಲಿಯಾದರೂ ಉಳಿದಿದ್ದರೆ ಇದೊಂದರಲ್ಲೇ.

ಇನ್ನು ಹೇಳಲೇಬೇಕಾದ ಮಾತಿದೆ. 2006ರಲ್ಲಿ ತೋಟ ಮತ್ತು ಕೊಳವೆಬಾವಿಯ ಪಾಲಿನ ವಿಷಯವಾಗಿ ಅಣ್ಣನವರಿಗೂ ತಮ್ಮನಿಗೂ ಮಾತು ಬೆಳೆಯಿತು. ತಮ್ಮ ತನ್ನ ಪಾಲು ಮಾರಿ ಗೌರಿಬಿದನೂರಿಗೆ ಹೊರಟುಹೋದ. ಅಲ್ಲಿಂದೀಚೆಗೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಯಾರ ಕಡೆ ನ್ಯಾಯವಿತ್ತೆಂಬುದು ಇಲ್ಲಿ ಬೇಡ. ನಾವು ಚಿತ್ರ ಸರಿಮಾಡುತ್ತಿರುವ ಸುದ್ದಿ ತಿಳಿದು ಅಣ್ಣನವರು ಫೋನು ಮಾಡಿದರು: "ಹೇಗೂ ಕತ್ತರಿಸೋಕೆ ಕೂತಿದ್ದೀರಲ್ಲ, ಅವನನ್ನೂ ಕತ್ತರಿಸಿಬಿಡಿ."

ಕಾಗದ ಹಿಡಿದು ಲೆಕ್ಕ ಹಾಕಿದೆವು. ತಮ್ಮ ಹದಿನಾಲ್ಕು ಕಡೆ ಇದ್ದ. ನೀರು ಬಡಿಸುವಲ್ಲಿ, ಚಪ್ಪರಕ್ಕೆ ಮಾವಿನಸೊಪ್ಪು ಕಟ್ಟುವಲ್ಲಿ, ತಂಗಿಯನ್ನು ಕಳುಹಿಸುವಾಗ ಕಂಬಕ್ಕೆ ಮುಖ ತಿರುಗಿಸಿ ನಿಂತಲ್ಲಿ. ಈ ಎಡಿಟರು ಕಾಲವನ್ನು ಕತ್ತರಿಸಬಲ್ಲದೇ ಹೊರತು ಮನುಷ್ಯನನ್ನಲ್ಲ. ಅವನನ್ನು ತೆಗೆದರೆ ಅವನ ಪಕ್ಕದಲ್ಲಿರುವವರೂ ಹೋಗುತ್ತಾರೆ. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಪಕ್ಕದಲ್ಲಿರುವವರು ಅವ್ವ. ನಾವು ಇದನ್ನು ಫೋನಿನಲ್ಲಿ ವಾದಿಸಲಿಲ್ಲ. ಓಡಾಟಕ್ಕೆ ಅನುಮತಿ ಸಿಕ್ಕ ಮೇಲೆ ಒಂದು ಭಾನುವಾರ ಅಣ್ಣನವರನ್ನೇ ಊಟಕ್ಕೆ ಕರೆದು, ಆ ತುಣುಕನ್ನು ಹಾಕಿದೆವು. ಸ್ವಲ್ಪ ದನಿ ಜಾಸ್ತಿ ಮಾಡಿ ಎಂದರು. ಮತ್ತೊಮ್ಮೆ ಹಾಕಿಸಿದರು. ಮೂರನೆಯ ಬಾರಿ ಕಣ್ಣು ಮುಚ್ಚಿಕೊಂಡು ಕೇಳಿದರು. ಹೊರಡುವಾಗ, "ಇರಲಿ ಬಿಡಿ. ಹೆಸರು ಮಾತ್ರ ಹಾಕಬೇಡಿ" ಎಂದರು.

ಹೆಸರಿನ ಮಾತು ಏಕೆ ಬಂದಿತೆಂದರೆ, ಹಿರಿಯರು ತೆರೆಯ ಮೇಲೆ ಬಂದಾಗ ಅವರು ಯಾರೆಂದು ಕೆಳಗೆ ಬರೆಯುತ್ತಿದ್ದೆವು. ಇಂದಿನ ಮಕ್ಕಳಿಗೆ ಸೋದರಜ್ಜಿ ಯಾರು, ದೊಡ್ಡಪ್ಪನ ಮಾವ ಯಾರು ಎಂದು ಗುರುತೇ ಇಲ್ಲ. ಮೊದಲ ಫಲಕಕ್ಕೂ ಸ್ವಲ್ಪ ಚರ್ಚೆಯಾಯಿತು. 1994ರಲ್ಲಿ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಗೆ ಸೇರಿದ್ದವು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮದುವೆ ನಡೆದ ದಿನ ಯಾವ ಜಿಲ್ಲೆಯೋ ಅದೇ ಇರಲೆಂದು 'ಶಿಡ್ಲಘಟ್ಟ, ಕೋಲಾರ ಜಿಲ್ಲೆ' ಎಂದೇ ಬರೆದೆವು. ಅವ್ವನ ತುಣುಕಿಗೆ ಬಂದಾಗ ಅಣ್ಣನವರ ಮಾತನ್ನು ಮೀರಲಿಲ್ಲ, ತಮ್ಮನ ಹೆಸರು ಹಾಕಲಿಲ್ಲ. ಗದ್ದಲದಲ್ಲಿ ದನಿ ಸ್ಪಷ್ಟವಾಗದೆಂದು ಅವ್ವ ಆಡಿದ ಮಾತನ್ನೇ ಕೆಳಗೆ ಬರೆದೆವು: ಲೋ ಚಿಕ್ಕೋನೆ, ನೀನು ಉಂಡ್ಯೇನೋ?

ಈ ಕೆಲಸಕ್ಕೆ ಕೈಹಾಕಬೇಕೆನ್ನುವ ಮನೆಗಳಿಗೆ ಎರಡು ಮಾತು. ನಾವು ಬಳಸಿದ ಎಡಿಟರು ಈಗಿನ ಫೋಟೋಸ್‌ನಲ್ಲಿಲ್ಲ. ವಿಂಡೋಸ್ 11ರಲ್ಲಿ ಅದರ ಜಾಗಕ್ಕೆ ಕ್ಲಿಪ್‌ಚಾಂಪ್ ಬಂದಿದೆ, ಕತ್ತರಿಸಿ ಜೋಡಿಸುವ ಕ್ರಮ ಹೆಚ್ಚು ಕಡಿಮೆ ಅದೇ. ಅರ್ಧ ಮಾಡಿಟ್ಟ ಕೆಲಸವನ್ನು ವರ್ಷಗಟ್ಟಲೆ ಬಿಡದೆ ಪೂರ್ಣ ಚಿತ್ರವಾಗಿ ಹೊರತೆಗೆದಿಡಬೇಕು. ಕತ್ತರಿಸದ ಮೂಲವನ್ನು ಎರಡು ಕಡೆ ಉಳಿಸಿಕೊಳ್ಳಬೇಕು. ಕ್ಯಾಸೆಟ್ಟನ್ನು ಎಸೆಯುವ ಮನಸ್ಸು ನಮಗಂತೂ ಬರಲಿಲ್ಲ.

ನಾಲ್ಕು ಪೆನ್‌ಡ್ರೈವ್‌ಗಳಿಗೆ ಚಿತ್ರ ತುಂಬಿದೆವು. ಗೌರಿಬಿದನೂರಿನದನ್ನು ತಂಗಿಯೇ ಮಗಳ ಮದುವೆಯ ಕರೆಯೋಲೆಯೊಂದಿಗೆ ಕೊಟ್ಟುಬಂದಳು. 2022ರಲ್ಲಿ ನಡೆದ ಆ ಮದುವೆಗೆ ತಮ್ಮ ಬರಲಿಲ್ಲ, ಅವನ ಹೆಂಡತಿ ಮಕ್ಕಳು ಬಂದಿದ್ದರು. ಹಿಂದಿನ ಸಂಜೆ ಚಿಂತಾಮಣಿಯ ಮನೆಯಲ್ಲಿ ಚಿತ್ರ ಹಾಕಿದಾಗ ಅವ್ವನ ಮಾತಿಗೆ ಮಕ್ಕಳೆಲ್ಲ ನಕ್ಕರು. ಹಿಂದೆ ಕುರ್ಚಿಯಲ್ಲಿದ್ದ ಅಣ್ಣನವರು ಎದ್ದು ಹೋಗಲಿಲ್ಲ. ಊಟದ ಹೊತ್ತಿಗೆ ತಮ್ಮನ ಮಗಳು ನಮ್ಮ ಬಳಿ ಬಂದು, "ದೊಡ್ಡಪ್ಪ, ಕತ್ತರಿಸದೆ ಇರೋದು ಮೂರು ಗಂಟೆದು ಇದೆಯಂತಲ್ಲ. ಅಪ್ಪ ಅದನ್ನ ತಗೊಂಡು ಬಾ ಅಂದಿದ್ದಾರೆ" ಎಂದಳು. ಆ ರಾತ್ರಿಯೇ ಅವಳ ಪೆನ್‌ಡ್ರೈವ್‌ಗೆ ಅದನ್ನು ತುಂಬಿಸಲು ಕುಳಿತೆವು.