ಮೂರಡಿ ತೊಟ್ಟಿಗೆ ಮೂರು ಬಗೆಯ ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಕಾಣುವ ಮೀನುಗಳಲ್ಲಿ ಮುಕ್ಕಾಲು ಪಾಲು ಮರಿಗಳೇ. ಎರಡಿಂಚಿನ ಆಸ್ಕರ್, ಎರಡಿಂಚಿನ ಏಂಜೆಲ್, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಎರಡಿಂಚಿನ ಸಕ್ಕರ್ ಎಲ್ಲವೂ ಅಕ್ಕಪಕ್ಕದಲ್ಲಿ ಸಾಧುವಾಗಿ ತೇಲುತ್ತಿರುತ್ತವೆ. ಬಣ್ಣ ನೋಡಿ ಮನಸೋತವರು ಎಲ್ಲದರಲ್ಲೂ ಒಂದೊಂದು ಜೋಡಿ ಕಟ್ಟಿಸಿಕೊಂಡು ಹೋಗುತ್ತಾರೆ. ವರ್ಷ ತುಂಬುವಷ್ಟರಲ್ಲಿ ಆಸ್ಕರ್ ಹತ್ತಿರಹತ್ತಿರ ಒಂದಡಿ ಬೆಳೆದು, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗಲು ಶುರುಮಾಡುತ್ತದೆ. ಬೆಳೆದ ಏಂಜೆಲ್ ನಿಯಾನ್ ಟೆಟ್ರಾಗಳನ್ನು ಒಂದೊಂದಾಗಿ ಮುಗಿಸುತ್ತದೆ. ತಪ್ಪು ಅದರದಲ್ಲ. ಅಮೆಜಾನಿನ ತವರಿನಲ್ಲೂ ಸಣ್ಣ ಮೀನು ಅದರ ಆಹಾರವೇ.

ಮೀನು ಸಾಕುವ ಸುಖದ ದೊಡ್ಡ ಪಾಲು ಇರುವುದು ಮೀನು ತರುವುದಕ್ಕೂ ಮುಂಚಿನ ವಾರಗಳಲ್ಲಿ. ಹೊಸ ತೊಟ್ಟಿಗೆ ಮರಳು ಹಾಸಿ, ಗಿಡ ನೆಟ್ಟು, ಫಿಲ್ಟರ್ ಓಡಿಸಿ ನಾಲ್ಕಾರು ವಾರ ಕಾಯಬೇಕು. ಮೀನಿನ ಕಿವಿರಿನಿಂದಲೂ ಹಿಕ್ಕೆಯಿಂದಲೂ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಮಾಡುವುದು ಒಂದು ಬಗೆಯ ಬ್ಯಾಕ್ಟೀರಿಯಾ. ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು. ತೊಟ್ಟಿಯಲ್ಲಿ ಚಿಟಿಕೆ ಅಮೋನಿಯಾ ಮೂಲ ಇದ್ದರೆ ಈ ಎರಡೂ ಫಿಲ್ಟರಿನ ಸ್ಪಂಜಿನಲ್ಲಿ ಮೆಲ್ಲಗೆ ಮನೆಮಾಡುತ್ತವೆ. ಅಲ್ಲಿಯವರೆಗೆ ಹವ್ಯಾಸಿಗೆ ಒಂದೇ ಕೆಲಸ: ಯಾರ ಜತೆ ಯಾರು ಎಂದು ಯೋಚಿಸುವುದು.

ಯೋಚನೆ ನಲ್ಲಿಯಿಂದ ಶುರುವಾದರೆ ಒಳ್ಳೆಯದು. ಮನೆಗೆ ಬರುವುದು ಗಡಸು ಬೋರ್‌ವೆಲ್ ನೀರಾದರೆ ಗಪ್ಪಿ, ಮೋಲಿ, ಪ್ಲ್ಯಾಟಿಗಳು ಅದರಲ್ಲಿ ಹಾಯಾಗಿರುತ್ತವೆ. ಮೆದು ನೀರಿನ ನಿಯಾನ್ ಸೊರಗುತ್ತದೆ. ಮೀನಿಗೆ ತಕ್ಕಂತೆ ನೀರು ಬದಲಿಸಲು ಹೆಣಗುವುದಕ್ಕಿಂತ, ಇರುವ ನೀರಿಗೆ ಒಗ್ಗುವ ಮೀನು ತರುವುದೇ ಜಾಣತನ. ತಂಪು ಬಯಸುವ, ವಿಪರೀತ ಕೊಳೆ ಮಾಡುವ ಗೋಲ್ಡ್‌ಫಿಶ್‌ಗೆ ಬೇರೆ ತೊಟ್ಟಿಯೇ ಆಗಬೇಕು.

ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 127 ಲೀಟರ್ ನೀರು. ಇಷ್ಟರಲ್ಲಿ ನಮ್ಮ ಉಪಖಂಡದ್ದೇ ಆದ ಮೂರು ಮೀನುಗಳ ಒಂದು ಚೆಂದದ ಸಂಸಾರ ಹೂಡಬಹುದು: ಝೀಬ್ರಾ ಡೇನಿಯೊ, ಹನೀ ಗೌರಾಮಿ, ಝೀಬ್ರಾ ಲೋಚ್. ಮೂರಕ್ಕೂ 24–26 ಡಿಗ್ರಿ ಸೆಲ್ಸಿಯಸ್ ಹಿತ. ಒಂದು ಇನ್ನೊಂದರ ಬಾಯಿಗೆ ಹಿಡಿಸುವುದಿಲ್ಲ.

ಮೊದಲ ಎರಡನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಕನ್ನಡಿಗರಿಗೆ ಗೊತ್ತಿರುವವನೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸರ್ವೆಗೆ ಹೊರಟ ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡ ಆತ, 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇರುವ ಝೀಬ್ರಾ ಡೇನಿಯೊ ಆ ಪುಸ್ತಕದ್ದು. ಹನೀ ಗೌರಾಮಿಯೂ ಅದರದ್ದೇ. ಬಣ್ಣದಲ್ಲಿ ಅದರ ಗಂಡಿಗೂ ಹೆಣ್ಣಿಗೂ ಹೋಲಿಕೆಯೇ ಇಲ್ಲ. ಹಾಗಾಗಿ ಒಂದೇ ಮೀನಿಗೆ ಆ ಪುಸ್ತಕದಲ್ಲಿ ಎರಡು ಹೆಸರು ಬಿತ್ತು. ಮೂರನೆಯದಾದ ಝೀಬ್ರಾ ಲೋಚ್ ನಮ್ಮ ಮಲೆನಾಡಿನದು. ಶಿವಮೊಗ್ಗದ ತುಂಗಾ ನದಿಯ ಮೀನನ್ನು ನೋಡಿ 1920ರಲ್ಲಿ ಅದನ್ನು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್.

ಡೇನಿಯೊ ಎಂಟಾದರೂ ಇರಬೇಕು. ಎರಡೋ ಮೂರೋ ಇದ್ದರೆ ಸುಮ್ಮನಿರದೆ ಬೇರೆ ಮೀನುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹಿಂಡು ದೊಡ್ಡದಾದರೆ ಅದರ ಜಗಳ ಹಿಂಡಿನೊಳಗೇ ತೀರುತ್ತದೆ. ಫಿಲ್ಟರಿನ ನೀರು ಬೀಳುವ ಕಡೆ ಸೆಳೆತಕ್ಕೆ ಎದುರಾಗಿ ನಿಂತು, ತಟ್ಟನೆ ತಿರುಗಿ, ತೊಟ್ಟಿಯ ಇನ್ನೊಂದು ತುದಿಗೆ ಓಡಿ ಮತ್ತೆ ಬರುವ ಈ ನೀಲಿ ಪಟ್ಟೆಯ ಮೀನುಗಳನ್ನು ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯದು. ಜಿಗಿಯುವ ಜಾತಿ, ಮುಚ್ಚಳ ಬೇಕೇ ಬೇಕು.

ಹನೀ ಗೌರಾಮಿಗೆ ಈ ಅವಸರವಿಲ್ಲ. ಗಿಡದ ಎಲೆಗಳ ನಡುವೆ ನಿಂತು, ದಾರದಂಥ ಎರಡು ಎಳೆಗಳನ್ನು ಮುಂದೆ ಚಾಚಿ ಎದುರಿಗೆ ಬಂದದ್ದನ್ನೆಲ್ಲ ಮುಟ್ಟಿ ನೋಡುತ್ತದೆ. ಆಗಾಗ ಮೇಲೆದ್ದು ಗಾಳಿ ಗುಟುಕರಿಸುತ್ತದೆ, ಏಕೆಂದರೆ ಅದಕ್ಕೆ ಕಿವಿರಿನ ಜತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಉಂಟು. ಮರಿ ಮಾಡುವ ಕಾಲಕ್ಕೆ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ ಗಂಟಲು ಕಪ್ಪಾಗುತ್ತದೆ. ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುತ್ತದೆ. ಇದರ ಎಳೆಗಳನ್ನು ಕಂಡರೆ ಟೈಗರ್ ಬಾರ್ಬ್ ಕಚ್ಚದೆ ಬಿಡದು. ಅವೆರಡನ್ನೂ ಜತೆಗಿಟ್ಟರೆ ಗೌರಾಮಿ ಮೂಲೆ ಸೇರಿ, ತಿನ್ನುವುದನ್ನು ಬಿಟ್ಟು ಸಾಯುತ್ತದೆ.

ಡೇನಿಯೊ ಜತೆಗೂ ಒಂದು ತೊಡಕಿದೆ. ಅದು ಕಚ್ಚುವುದಿಲ್ಲ, ಆದರೆ ಗೌರಾಮಿ ತುತ್ತನ್ನು ನೋಡಿ ಮುಗಿಸುವಷ್ಟರಲ್ಲಿ ಇರುವುದನ್ನೆಲ್ಲ ಕಬಳಿಸುತ್ತದೆ. ಉಪಾಯ ಸುಲಭ: ಮೊದಲು ಫಿಲ್ಟರಿನ ತುದಿಯಲ್ಲಿ ಒಂದು ಚಿಟಿಕೆ ಹಾಕಿ ಹಿಂಡನ್ನು ಅಲ್ಲಿಗೆಳೆದು, ಆಮೇಲೆ ಗಿಡಗಳಿರುವ ತುದಿಯಲ್ಲಿ ಇನ್ನೊಂದು ಚಿಟಿಕೆ. ಸೆಳೆತ ಒಂದು ಕಡೆ, ನಿಂತ ನೀರು ಇನ್ನೊಂದು ಕಡೆ ಇರುವಂತೆ ತೊಟ್ಟಿ ಜೋಡಿಸಿದರೆ ಎರಡೂ ತಮ್ಮ ತಮ್ಮ ಪಾಡಿಗಿರುತ್ತವೆ.

ತಳದಲ್ಲಿ ಲೋಚ್‌ಗಳ ರಾಜ್ಯ. ಮೂರು ಮೂರೂವರೆ ಇಂಚಿನ ಮೈ ತುಂಬ ಸಣ್ಣ ಪಟ್ಟೆಗಳು, ಬಾಯಿ ಸುತ್ತ ಮೀಸೆ. ಮೀಸೆಯಿಂದ ಮರಳು ತಡವಿ ಉಳಿದ ತಿಂಡಿಯನ್ನೂ ಗಿಡಕ್ಕೆ ಅಂಟಿ ಬಂದ ಬಸವನಹುಳುಗಳನ್ನೂ ತಿಂದು ಮುಗಿಸುತ್ತವೆ. ಮರಳು ನುಣುಪಾಗಿರಲಿ; ಚೂಪು ಜಲ್ಲಿಯಾದರೆ ಮೀಸೆ ಸವೆಯುತ್ತದೆ.

ಈ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಲ್ಲಿ ಹಿಡಿದದ್ದೋ ಸಾಕಣೆಯದ್ದೋ ಎಂದು ಅಂಗಡಿಯಲ್ಲಿ ಕೇಳಿ. ಹೊಳೆಯದ್ದಾದರೆ ಬೇಡ ಎನ್ನಿ. ಸಾಕಣೆಯದ್ದು ಸಿಕ್ಕರೆ ಐದಕ್ಕೆ ಕಡಿಮೆ ಬೇಡ, ತೊಟ್ಟಿ ಹಳತಾದ ಮೇಲೆ ಎಲ್ಲದಕ್ಕಿಂತ ಕೊನೆಗೆ ತನ್ನಿ. ಕಣ್ಣಿನ ಕೆಳಗೆ ಇದಕ್ಕೊಂದು ಮುಳ್ಳಿದೆ, ಹೆದರಿದಾಗ ಅದು ಹೊರಬಂದು ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವಾಗ ಗಾಯವಾಗುತ್ತದೆ. ಬಲೆ ಬೇಡ, ಲೋಟದಲ್ಲಿ ಹಿಡಿದುಕೊಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ.