ಹಿಂಬಾಗಿಲ ಸ್ಟೆಪ್ನಿ

ಆಷಾಢದ ಮಳೆ ಹಿಡಿಯಿತೆಂದರೆ ವಸ್ತಾರೆಯ ನಮ್ಮ ಮನೆಯಲ್ಲಿ ಎಲ್ಲರೂ ಬಂದು ಸೇರುವುದು ಬಚ್ಚಲೊಲೆಯ ಮುಂದೆ. ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾ ಮಕ್ಕಳು, "ಆ ಸ್ಟೆಪ್ನಿ ಉರುಳಿದ್ದು ಹೇಳು" ಅನ್ನುತ್ತವೆ. ಎಷ್ಟು ಸಲ ಹೇಳಿದ್ದರೂ ಒಂದು ಜಾಗಕ್ಕೆ ಬಂದಾಗ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

1996ರ ಮಾತು. ಅಪ್ಪನ ಹತ್ತಿರ ಹಳೆಯ ಮಹೀಂದ್ರ ಜೀಪಿತ್ತು. ಗೊಬ್ಬರದ ಚೀಲ, ಕಾಫಿ ಮೂಟೆ, ಆಳುಗಳು, ಆಸ್ಪತ್ರೆಗೆ ಹೋಗುವವರು, ಎಲ್ಲರಿಗೂ ಅದೇ. ಸ್ಟೆಪ್ನಿ ಒಳಗೇ ಬಿದ್ದಿರುತ್ತಿತ್ತು. ಹಿಂದೆ ಕೂತವರ ಕಾಲಿಗೆಲ್ಲ ಅದರದೇ ಪೆಟ್ಟು. ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. ಕಾರುಗಳಿಗೆ ಹೆಚ್ಚಿನ ಚಕ್ರವೇ ಇಲ್ಲದ ಕಾಲದಲ್ಲಿ, 1904ರಲ್ಲಿ, ಅಲ್ಲಿನ ಡೇವಿಸ್ ಸಹೋದರರು ಅದನ್ನು ಮಾಡಿ ಮಾರಿದರು. ಅಲ್ಲಿಯವರು ಬಹುಮಟ್ಟಿಗೆ ಮರೆತ ಆ ಪದವನ್ನು ನಮ್ಮ ಗ್ಯಾರೇಜುಗಳು ಉಳಿಸಿಕೊಂಡಿವೆ.

ಆ ವರ್ಷ ಜೀಪಿಗೆ ತಗಡಿನ ಬಾಡಿ ಕಟ್ಟಿಸಿದೆವು. ಹಿಂದೆ ಪಕ್ಕಕ್ಕೆ ತೆರೆಯುವ ಒಂಟಿ ಬಾಗಿಲು. ಅರಣ್ಯ ಇಲಾಖೆಯ ಜಿಪ್ಸಿಗಳಲ್ಲಿ ಹಿಂಬಾಗಿಲಿಗೇ ಚಕ್ರ ತೂಗುವುದನ್ನು ಕಂಡಿದ್ದ ಅಪ್ಪ, "ನಮ್ಮದಕ್ಕೂ ಹಾಗೇ ಹಾಕಿ" ಅಂದರು. ಬಾಡಿ ಕಟ್ಟಿದವರು ಬಾಗಿಲ ತಗಡಿಗೆ ಮೂರು ತೂತು ಕೊರೆದು, ಬೋಲ್ಟ್ ಬಿಗಿದು, ಚಕ್ರ ಸಿಕ್ಕಿಸಿ ಕೊಟ್ಟರು. ನೋಡಲು ಬಹಳ ಚೆಂದ ಕಾಣುತ್ತಿತ್ತು.

ಮೂರನೇ ವಾರ ಕಳಸದ ನೆಂಟರ ಮನೆಗೆ ಹೊರಟೆವು. ಕೊಟ್ಟಿಗೆಹಾರ ದಾಟಿದ ಮೇಲೆ ಗುಂಡಿ, ಮಂಜು, ಮಳೆ. ಬಾಗಿಲು ಕಟಕಟ ಅನ್ನುತ್ತಲೇ ಇತ್ತು. ಮಳೆಯ ಸದ್ದಿನಲ್ಲಿ ನಾವು ಕಿವಿಗೊಡಲಿಲ್ಲ. ಒಂದು ಏರಿನಲ್ಲಿ ಶಾಲೆ ಬಿಟ್ಟ ನಾಲ್ಕು ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಇಳಿದು ಬರುತ್ತಿದ್ದವು. ಅವರನ್ನು ದಾಟಿ ಹತ್ತು ಮಾರು ಹೋಗಿರಬಹುದು, ಹಿಂದಿನ ಗಾಲಿ ಗುಂಡಿಗಿಳಿದು ದಡ್ ಎಂದಿತು. ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಅಂಗೈಯಗಲ ಬೆಳಕು. ಚಕ್ರವಿಲ್ಲ.

ಅದು ಇಳಿಜಾರಿನಲ್ಲಿ ನಿಂತುಕೊಂಡೇ ಉರುಳುತ್ತಿತ್ತು. 20 ಕಿಲೋ ಮೀರಿದ ಕಬ್ಬಿಣ, ರಬ್ಬರು. ಮಕ್ಕಳು ನಾಲ್ವರೂ ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಅಪ್ಪ ಕೂಗಿದ್ದು ಮಳೆಯಲ್ಲಿ ಅವರಿಗೆ ಕೇಳಲಿಲ್ಲ. ಕಲ್ಲೊಂದಕ್ಕೆ ತಾಗಿ ಚಕ್ರ ಒಂದಿಷ್ಟು ವಾಲಿತು. ಕೊನೆಯ ಹುಡುಗಿಯ ಕೊಪ್ಪೆ ಸವರಿಕೊಂಡು ಚರಂಡಿ ಹಾರಿತು. ಕಾಫಿ ಗಿಡಗಳ ರೆಕ್ಕೆ ಮುರಿಯುತ್ತಾ ಇಳಿದು ಸಿಲ್ವರ್ ಮರವೊಂದಕ್ಕೆ ಬಡಿದು ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅಪ್ಪ ರಸ್ತೆಯ ಅಂಚಿನಲ್ಲಿ ಮಳೆಯಲ್ಲೇ ಕುಕ್ಕರಿಸಿ ಕೂತುಬಿಟ್ಟರು.

ಮರುದಿನ ಆಲ್ದೂರಿನ ಹಳೆಯ ವೆಲ್ಡರೊಬ್ಬರ ಬಳಿ ಹೋದೆವು. ಹರಿದ ತಗಡಿನ ಮೇಲೆ ಬೆರಳಾಡಿಸಿ ಅವರು ಹೇಳಿದರು: "ಗೋಡೆ ಬಿಟ್ಟು ಗಾರೆಗೆ ಮೊಳೆ ಹೊಡೆದಿದ್ದಾರೆ. ಬೋಲ್ಟ್ ಮುರಿದಿಲ್ಲ ನೋಡಿ, ತಗಡೇ ಕಿತ್ತು ಬಂದಿದೆ. ನಿಂತ ಜೀಪಿನಲ್ಲಿ ಇದು 20 ಕಿಲೋ. ಗುಂಡಿಯಲ್ಲಿ ಎಗರಿ ಬಿದ್ದಾಗ ಅದರ ಎಷ್ಟೋ ಪಟ್ಟು."

ಎರಡು ದಿನ ಪಕ್ಕದಲ್ಲೇ ನಿಂತು ಅವರ ಕೆಲಸ ನೋಡಿದೆ. ಬಾಗಿಲ ಒಳಗೆ ಕಬ್ಬಿಣದ ಚೌಕಟ್ಟು ಕೂರಿಸಿದರು. ತಗಡಿನ ಎರಡೂ ಬದಿಗೆ ದಪ್ಪ ಪ್ಲೇಟ್ ಇಟ್ಟು, ಬೋಲ್ಟ್ ಎರಡನ್ನೂ ಹಾಯುವಂತೆ ಬಿಗಿದರು. ಗುಜರಿಯ ಜಿಪ್ಸಿಯೊಂದರ ಬ್ರಾಕೆಟ್ ತಂದರು. ಜಿಪ್ಸಿಗೂ ನಮ್ಮ ಜೀಪಿಗೂ ಚಕ್ರದ ಐದು ತೂತುಗಳ ವೃತ್ತ ಒಂದೇ ಅಳತೆ, ಐದೂವರೆ ಇಂಚು. ಹಾಗಾಗಿ ಅದು ಕೈಗೆ ಬಳೆ ಹಾಕಿದಂತೆ ಕೂತಿತು. ತೂಗುವ ಭಾರ ಮೇಲಿನ ಬಿಜಾಗರಿಯನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ ಎಂದು ವಿವರಿಸಿ, ಬಿಜಾಗರಿ ಎರಡನ್ನೂ ದಪ್ಪದ್ದಕ್ಕೆ ಬದಲಾಯಿಸಿದರು. ಅವು ಕೂರುವ ಕಂಬಕ್ಕೆ ಆಂಗಲ್ ಕೊಟ್ಟು ಕೆಳಗೆ ಚಾಸಿಗೆ ಸೇರಿಸಿದರು. ಚಕ್ರವನ್ನು ಬಾಗಿಲಿಗೆ ಆದಷ್ಟು ಒತ್ತಿ, ಬಿಜಾಗರಿಯ ಕಡೆಗೆ ಸರಿಸಿ ಹಾಕಿದರು. ನಂಬರ್ ಪ್ಲೇಟ್, ಹಿಂದಿನ ದೀಪ ಮರೆಯಾಗಬಾರದೆಂದು ಎರಡು ಸಲ ಎತ್ತರ ತಿದ್ದಿದರು. ಕೊನೆಗೆ ಲಾರಿ ಟಯರಿನ ತುಂಡು ಕತ್ತರಿಸಿ ಬಾಗಿಲ ನಾಲ್ಕು ಮೂಲೆಗೆ ಕೊಟ್ಟರು. ಚಿಲಕ ಬಿದ್ದಾಗ ರಬ್ಬರು ಒತ್ತಿ ಕೂತು, ಬಾಗಿಲಿಗೆ ಆಡಲು ಜಾಗವೇ ಉಳಿಯಲಿಲ್ಲ. ನಾನು ಕಂಡ ಕಸುಬಿನಲ್ಲಿ ಇಷ್ಟು ಶ್ರದ್ಧೆಯದು ಕಡಿಮೆ.

"ಈಗ ಹಿಡಿದು ಎತ್ತಿ" ಅಂದರು. ಅಪ್ಪ ಎರಡೂ ಕೈಯಲ್ಲಿ ಚಕ್ರ ಹಿಡಿದು ಮೇಲಕ್ಕೆ ಕೆಳಕ್ಕೆ ಜಗ್ಗಿದರು. ಬಾಗಿಲು ಅಲುಗಲಿಲ್ಲ, ಇಡೀ ಜೀಪು ಅಲುಗಿತು. ಅಪ್ಪನ ಕಣ್ಣು ತುಂಬಿದ್ದನ್ನು ನಾನು ಕಂಡೆ.

ನಿಮ್ಮ ಜೀಪಿನ ಹಿಂಬಾಗಿಲಿಗೂ ಚಕ್ರವಿದ್ದರೆ ಮಳೆಗಾಲಕ್ಕೆ ಮುಂಚೆ ಹೀಗೇ ಒಮ್ಮೆ ಜಗ್ಗಿ ನೋಡಿ. ಬಾಗಿಲು ಮಾತ್ರ ಅಲುಗಿದರೆ ಆ ಚಕ್ರ ಬಿಚ್ಚಿ ಒಳಗಿಟ್ಟುಕೊಂಡೇ ರಸ್ತೆಗಿಳಿಯಿರಿ.